ಶಿವಲಕ್ಷ್ಮಿಯ ಎರಡನೆಯ ಬೆರಳು

ನಮ್ಮ ಹರದನಹಳ್ಳಿಯ ಪಕ್ಕದ ಮನೆಯ ಶಿವಲಕ್ಷ್ಮಿಗೆ ಬದನಗುಪ್ಪೆಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸವಿತ್ತು. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು, ಇಡೀ ದಿನ ನಿಂತೇ. ಮದುವೆಯನ್ನು ತಂದೆ ಆರಿಸಿದ್ದ, ಮಕ್ಕಳ ಹೆಸರನ್ನು ಅತ್ತೆ ಆರಿಸಿದ್ದಳು. ಅವಳೇ ಆರಿಸಿಕೊಂಡದ್ದು ಈ ಕೆಲಸವೊಂದೇ.

ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲತೊಡಗಿತು. ಅದರ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದಿತು. ಕಂಪನಿ ಕೊಟ್ಟ ಇಕ್ಕಟ್ಟಿನ ಶೂ ಹಾಕಿದರೆ ಉರಿ. ನಿಲ್ಲಲಾಗದವರಿಗೆ ಚೆಕಿಂಗ್‌ನಲ್ಲಿ ಜಾಗವಿಲ್ಲವೆಂದು ಸೂಪರ್‌ವೈಸರ್ ಹೇಳಿಬಿಟ್ಟ.

ಗುಂಡ್ಲುಪೇಟೆಯ ಮೂಳೆ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಗಂಡ ನೀಲಕಂಠಸ್ವಾಮಿಯೂ ಬಂದ. ಹೊಸ ಮೂಳೆ ಬೆಳೆದಿಲ್ಲ, ಕೀಲು ಸರಿದಿದೆ ಎಂದರು ಡಾಕ್ಟರು. ಇಂಥ ಪಾದ ಹೆಚ್ಚಾಗಿ ಹೆತ್ತವರಿಂದ ಬರುತ್ತದೆ. ಬಿಗಿ ಶೂ, ನಿಲ್ಲುವ ಕೆಲಸ ನೋವನ್ನು ಹೆಚ್ಚಿಸುತ್ತವೆ. ಮುಂಭಾಗ ಅಗಲವಿರುವ ಶೂ, ಬೆರಳುಗಳ ನಡುವೆ ಮೆತ್ತನೆಯ ತುಂಡು, ಊದಿದಾಗ ಐಸ್, ಇಷ್ಟರಿಂದ ನೋವು ತಗ್ಗೀತು. ಬೆರಳು ನೆಟ್ಟಗಾಗಲು ಆಪರೇಷನ್ನೇ ಬೇಕು.

"ಮೊದಲು ಆ ಕಾಲುಂಗುರ ತೆಗೆದಿಡಿ. ಹೆಬ್ಬೆರಳು ಅದನ್ನೇ ಒತ್ತುತ್ತಾ ಇದೆ."

ನೀಲಕಂಠಸ್ವಾಮಿ ತಲೆಯಾಡಿಸಿದ. ಶಿವಲಕ್ಷ್ಮಿ ಗಂಡಸರ ಅಗಲ ಶೂ ಕೊಂಡಳು. ಕಂಪನಿಯೂ ಅದಕ್ಕೆ ಒಪ್ಪಿತು. ಉಳಿದದ್ದು ಉಂಗುರ.

ಮನೆಯಲ್ಲಿ ಅದನ್ನು ಬಿಚ್ಚಹೊರಟಾಗ ಅತ್ತೆ ಮಲ್ಲಾಜಮ್ಮ ಜಗಲಿಯಿಂದ ಎದ್ದು ಬಂದಳು. "ನನ್ ಮಗ ಇನ್ನೂ ಉಸ್ರಾಡ್ತಾ ಅವ್ನೆ ಕಣಮ್ಮಿ! ಆಗ್ಲೇ ಕಾಲುಂಗ್ರ ಬಿಚ್ಚೀಯಾ?"

"ಒಂದ್ ಕಾಲ್ದು ಮಾತ್ರ ಅತ್ತೆ. ಎಡಗಾಲ್ದು ಇರ್ತದೆ."

"ಅರ್ಧ ಮುಂಡೆ ಆಯ್ತೀನಿ ಅನ್ನು!"

ಶಿವಲಕ್ಷ್ಮಿ ಗಂಡನ ಕಡೆ ತಿರುಗಿದಳು. "ಡಾಕ್ಟ್ರು ಯೋಳ್ದಾಗ ತಲೆ ಆಡುಸುದ್ರಲ್ಲ?"

"ಅಲ್ಲಿ ಆಡುಸ್ದೆ. ಇಲ್ಲಿ ಅವ್ವ ಅವ್ಳೆ, ಬುಡು."

ಪುಣಜನೂರಿನ ಕಡೆ ಮುರಿದ ಮೂಳೆಗೆ ಕಟ್ಟು ಕಟ್ಟುವವನೊಬ್ಬನಿದ್ದ. ಅತ್ತೆ, ಗಂಡ ಸೇರಿ ಅವಳನ್ನು ಅವನ ಬಳಿಗೆ ಕರೆದೊಯ್ದರು. ಅವನ ಕೈಯಲ್ಲಿ ಎಷ್ಟೋ ಕೈಕಾಲು ಕೂಡಿಕೊಂಡದ್ದೂ ನಿಜ. ಇಲ್ಲಿ ಏನೂ ಮುರಿದಿರಲಿಲ್ಲ. ಲೇಪಕ್ಕೆ ಮೊಟ್ಟೆ ಒಡೆಯಹೊರಟಾಗ, ಲಿಂಗ ಕಟ್ಟಿದ ಮೈಗೆ ಅದು ಬೇಡವೆಂದು ಮಲ್ಲಾಜಮ್ಮ ತಡೆದಳು. ಉಂಗುರದ ಮೇಲೆಯೇ ಕಟ್ಟುವಾಗ ತಡೆಯಲಿಲ್ಲ. ಅವನು ಹೆಬ್ಬೆರಳನ್ನು ಎಳೆದು, ಬಿದಿರ ದಬ್ಬೆ ಇಟ್ಟು, ಬೆರಳುಗಳನ್ನೆಲ್ಲ ಸೇರಿಸಿ ಬಿಗಿದ. ಅಮಾವಾಸ್ಯೆ ಕಳೆಯುವ ತನಕ ಬಿಚ್ಚಬಾರದೆಂದ.

ಶಿವಲಕ್ಷ್ಮಿ ನೋವೆಂದು ಅತ್ತಳು. ಕಟ್ಟು ಹಿಡಿಯುತ್ತಿದೆ ಎಂದರು. ಆಮೇಲೆ ನೋವಿಲ್ಲವೆಂದಳು. ಮನೆಯವರಿಗೆ ಸಮಾಧಾನವಾಯಿತು. ಸತ್ತ ಬೆರಳು ನೋಯುವುದಿಲ್ಲ. ವಾಸನೆ ಬಂದ ಮೇಲೆ ಬಿಚ್ಚಿದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಮೊದಲು ಉಂಗುರವನ್ನು ಕತ್ತರಿಸಿದರು, ಆಮೇಲೆ ಬೆರಳನ್ನು. ಗಂಟು ಹಾಗೆಯೇ ಇದೆ. ಪಕ್ಕದಲ್ಲಿ ತಡೆಯುವ ಬೆರಳಿಲ್ಲದೆ ಹೆಬ್ಬೆರಳು ಇನ್ನಷ್ಟು ವಾಲಿದೆ.

ಗಾಯ ಮಾಯ್ದ ಮೇಲೆ ಮಲ್ಲಾಜಮ್ಮ ಹೊಸ ಉಂಗುರ ತಂದಳು. "ಅದ್ರ ಪಕ್ಕದ್ ಬೆರಳ್ಗೆ ಆಕ್ಕೊ. ಮುತ್ತೈದೆ ಕಾಲು ಬರಿದಾಗಿರ್ಬಾರ್ದು."

ಶಿವಲಕ್ಷ್ಮಿ ಎಡಗಾಲಿನದನ್ನೂ ಬಿಚ್ಚಿ, ಎರಡನ್ನೂ ಗಂಡನ ಅಂಗೈಗೆ ಹಾಕಿದಳು.

"ನೀವೇ ಆಕ್ಕಳಿ. ಆಯಸ್ಸು ನಿಮ್ದು ತಾನೆ?"

ಊರ ಹೆಂಗಸರು ಈ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ. ಬದನಗುಪ್ಪೆಯಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಾಳೆ.