ಒಂದು ಗುಟುಕು ಕುಡದು ನೋಡ್ರಿ

ಹನುಮಸಾಗರ ಬಿಟ್ಟು ಬಂದು ನಾವು ಬಾಡಿಗೆಗಿದ್ದ ಓಣಿಯಲ್ಲಿ ನಲ್ಲಿ ನೀರು ಕೆಂಪಗೆ ಬರುತ್ತಿತ್ತು. ನಗರಸಭೆಯವರು ಜನರ ಅಹವಾಲು ಕೇಳಲು ಸಭೆ ಕರೆದಾಗಲೆಲ್ಲ ಪಕ್ಕದ ಮನೆಯ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ನೀರನ್ನು ತಂಬಿಗೆಯಲ್ಲಿ ಹಿಡಿದು ಹೊರಡುತ್ತಿದ್ದರು. ಅಧ್ಯಕ್ಷರ ಮುಂದಿಟ್ಟು ಹೇಳುತ್ತಿದ್ದುದು ಒಂದೇ ಮಾತು: “ಒಂದು ಗುಟುಕು ಕುಡದು ನೋಡ್ರಿ.” ಯಾರೂ ಕುಡಿಯಲಿಲ್ಲ.

ಒಂದು ಸಲ ಅಧ್ಯಕ್ಷರು ಎದ್ದು, ಅಕ್ಕನನ್ನು ‘ಜಾಗೃತ ನಾಗರಿಕರು’ ಎಂದು ಹೊಗಳಿ, ಶಾಲು ಹೊದಿಸಿ ಕೈಮುಗಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅಕ್ಕ ತಂಬಿಗೆಯನ್ನು ಶಾಲಿನೊಳಗೆ ಮುಚ್ಚಿಕೊಂಡರು.

ಮುಂದಿನ ಸಭೆಯ ದಿನ ಮನೆಯಲ್ಲೇ ಇದ್ದರು. “ಯಾಕ್ರಿ ಅಕ್ಕಾ, ಹೋಗಲಿಲ್ಲ?” ಎಂದೆ.

“ಮರ್ಯಾದಿ ಮಾಡ್ಯಾರಲ್ಲೋ ತಮ್ಮಾ, ಇನ್ನ ಯಾವ ಮುಖ ಇಟಗೊಂಡು ಬೈಲಿ?”

ಹಾಗೆನ್ನುತ್ತ ಕೊಡದ ಬಾಯಿಗೆ ಅದೇ ಶಾಲನ್ನು ಬಿಗಿದು, ನೀರು ಸೋಸಲು ನಲ್ಲಿಯ ಕೆಳಗಿಟ್ಟರು.