ಮೂಲದವರಿಗೆ ಹಿಂದಿನ ಖಾನೆ

ನಮ್ಮ ಪಕ್ಕದ ಮನೆಯ ಶಂಭುಲಿಂಗಪ್ಪನವರದು ಗಂಡು ಹೆಣ್ಣು ಕೂಡಿಸುವ ಕಸುಬು. ಕತ್ರಿಗುಪ್ಪೆಯಿಂದ ಚಿಕ್ಕಲಸಂದ್ರದವರೆಗೆ ಕಾಲ್ನಡಿಗೆಯಲ್ಲೇ ಸುತ್ತಿ, ಅವರಿವರ ಜಗುಲಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಚೀಲದಿಂದ ಜಾತಕ ತೆಗೆಯುತ್ತಾರೆ. ಅವರು ಕೂಡಿಸಿದ ಮದುವೆಗಳಲ್ಲಿ ಉಂಡವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬಳು. ಒಳ್ಳೆಯ ಮನುಷ್ಯ. ಒಳ್ಳೆಯತನ ಎಷ್ಟು ಕೆಡುಕು ಮಾಡಬಲ್ಲದು ಎಂದು ನನಗೆ ಗೊತ್ತಾದದ್ದೂ ಅವರಿಂದಲೇ.

ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಸರ್ವಮಂಗಳ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಟೈಪಿಂಗ್ ಕಲಿತಿದ್ದಳು, ಅಪ್ಪನ ಜಾತಕಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಡುತ್ತಿದ್ದಳು. ವಯಸ್ಸು ಇಪ್ಪತ್ತೇಳು ದಾಟಿತ್ತು. ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನ ಪ್ರಾಣಕ್ಕೆ ಕುತ್ತು ಎಂದು ಜನ ನಂಬುತ್ತಾರೆ. ಹಾಗಾಗಿ ಇಂಥ ಹುಡುಗಿಯರಿಗೆ ಮಾವ ಇಲ್ಲದ ಮನೆಯನ್ನೇ ಹುಡುಕಬೇಕು, ಗಂಡಿನ ತಂದೆ ಮೊದಲೇ ಸತ್ತಿರಬೇಕು. ಈ ಶಾಸ್ತ್ರ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎಂಬತ್ಮೂರನೇ ಇಸವಿಯಲ್ಲಿ ಶಂಭುಲಿಂಗಪ್ಪನವರಿಗೆ ಒಂದು ಅವಮಾನವಾಯಿತು. ಅವರ ಬಟ್ಟೆ ಚೀಲದಲ್ಲಿ ಜಾತಕ, ಫೋಟೊ, ಪಂಚಾಂಗ, ಕನ್ನಡಕ ಎಲ್ಲ ಒಟ್ಟಿಗೇ ಬಿದ್ದಿರುತ್ತಿದ್ದವು. ಬನಶಂಕರಿಯ ಒಂದು ಮನೆಯಲ್ಲಿ ಅವರು ಕೈ ಹಾಕಿ ತೆಗೆದುಕೊಟ್ಟ ಗಂಡಿನ ಫೋಟೊ, ಆಗಲೇ ಮದುವೆಯಾಗಿ ಮಗುವಿನ ನಾಮಕರಣವನ್ನೂ ಮುಗಿಸಿದ್ದವನದು. ಹೆಣ್ಣಿನ ತಾಯಿ ಅವನನ್ನು ಗುರುತು ಹಿಡಿದು, ಬಾಯಿಗೆ ಬಂದಂತೆ ಬೈದು ಕಳಿಸಿದಳು. ಅವತ್ತು ಸರ್ವಮಂಗಳ ಹಟ ಹಿಡಿದಳು.

"ಬ್ಯಾಗ್ ತಗೊಳ್ಳೋಣ ಅಪ್ಪ. ತುಂಬಾ ಖಾನೆ ಇರೋದು. ನಾನು ಜೋಡಿಸಿಕೊಡ್ತೀನಿ."

ನಾನೂ ಸೇರಿ ಮೂವರೂ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋದೆವು. ಅವಳು ಬ್ಯಾಗು ಆರಿಸಿದ ಪರಿಯನ್ನು ನಾನು ಮರೆತಿಲ್ಲ. ಮನೆಯಿಂದಲೇ ಅರಿಸಿನ ಹಚ್ಚಿದ ಒಂದು ಜಾತಕ, ಒಂದು ಫೋಟೊ ತಂದಿದ್ದಳು. ಪ್ರತಿ ಖಾನೆಯಲ್ಲೂ ಅವನ್ನು ಇಟ್ಟು ನೋಡಿದಳು. ಫೋಟೊ ಬಗ್ಗಿದರೆ ಆ ಬ್ಯಾಗು ಬೇಡ. ಜಿಪ್ಪು ಎರಡು ಸಲ ಎಳೆದಾಗ ಸಿಕ್ಕಿಕೊಂಡರೆ ಬೇಡ. ಪಟ್ಟಿ ಅಪ್ಪನ ಹೆಗಲು ಕೊರೆದರೆ ಬೇಡ. ಅಂಗಡಿಯವನು ಏಣಿ ಹತ್ತಿ ಇಳಿದು ಸುಸ್ತಾದ.

"ಏನ್ ಮೇಡಂ, ಬ್ಯಾಗ್ ತಗೊಳ್ಳಕ್ ಬಂದಿದೀರೋ, ಹೆಣ್ಣು ನೋಡಕ್ ಬಂದಿದೀರೋ?" ಎಂದ.

ಕೊನೆಗೆ ಒಪ್ಪಿದ್ದು ಕಂದು ಬಣ್ಣದ ರೆಕ್ಸಿನ್ ಬ್ಯಾಗು. ಮಳೆಗೆ ಮುಚ್ಚಳ, ಒಟ್ಟು ಏಳು ಖಾನೆ. ಕೆಲಸದಲ್ಲಿರುವ ಗಂಡುಗಳಿಗೆ ಒಂದು, ವ್ಯಾಪಾರದವರಿಗೆ ಒಂದು, ಎರಡನೇ ಸಂಬಂಧಕ್ಕೆ ಚಿಕ್ಕದೊಂದು ಎಂದು ಅಲ್ಲೇ ನಿಂತು ಹಂಚಿದಳು. ಬೆನ್ನಿನ ಕಡೆ, ಮೈಗೆ ಅಂಟಿಕೊಳ್ಳುವ ಜಾಗದಲ್ಲಿ, ಉದ್ದ ಜಿಪ್ಪಿನ ಒಂದು ಖಾನೆ ಇತ್ತು. ಅವಳು ಅದನ್ನು ನಾಲ್ಕೈದು ಸಲ ಎಳೆದು ನೋಡಿದಳು.

"ಇದು ಮೂಲದವರಿಗೆ ಇರಲಿ ಅಪ್ಪ. ಮಾವ ಇಲ್ದಿರೋ ಮನೆ ಸಿಕ್ಕಿದ್ರೆ ಹುಡುಕಾಡೋದು ಬೇಡ. ಸರಕ್ಕಂತ ಎಳೆದ್ರೆ ಆಯ್ತು."

ಬ್ಯಾಗು ಕೊಂಡದ್ದು ಆ ಜಿಪ್ಪಿಗಾಗಿ ಎಂದು ನಮಗೆ ಮೂವರಿಗೂ ಗೊತ್ತಾಯಿತು. ಆ ಸಂಕೋಚ ಕಳೆಯಲು ನಾನು ನನ್ನ ಹಾಳು ಬಾಯಿ ತೆರೆದೆ. "ಒಳ್ಳೇ ಮನೆ ಕಂಡ ತಕ್ಷಣ ನಿಮ್ಮ ಮಗಳ ಜಾತಕಾನೇ ಮುಂದಕ್ಕೆ ಹಿಡೀಬೇಡಿ ಮತ್ತೆ. ದಲ್ಲಾಳಿ ಒಳ್ಳೇದನ್ನೆಲ್ಲ ತನ್ನ ಮನೆಗೇ ಇಟ್ಕೊಂಡ ಅಂತಾರೆ ಜನ," ಎಂದೆ. ಸರ್ವಮಂಗಳ ನಕ್ಕಳು, ಅಂಗಡಿಯವನು ನಕ್ಕ. ಶಂಭುಲಿಂಗಪ್ಪನವರು ಎಲ್ಲರಾದ ಮೇಲೆ ನಕ್ಕರು.

ಹಿಂದಿನ ಖಾನೆಯಲ್ಲಿ ನಾಲ್ಕು ಜಾತಕಗಳಾದವು. ನಾಲ್ಕನೆಯದು ಅವಳದು. ದಿನಾ ಬೆಳಿಗ್ಗೆ ಬ್ಯಾಗು ಒರೆಸಿ, ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ, ಅಪ್ಪನ ಹೆಗಲಿಗೆ ಹಾಕುತ್ತಿದ್ದಳು. ಹೀಗೆ ಏಳೆಂಟು ತಿಂಗಳು ಕಳೆಯಿತು.

ಒಂದು ದಿನ ಅವರು ಸುದ್ದಗುಂಟೆಪಾಳ್ಯಕ್ಕೆ ಹೊರಟರು. ಅಲ್ಲಿ ಸಿದ್ದಗಂಗಮ್ಮ ಎಂಬ ವಿಧವೆ, ಕಾರ್ಖಾನೆಯಲ್ಲಿ ಕೆಲಸವಿದ್ದ ಒಬ್ಬನೇ ಮಗ. ಮಾವ ಇಲ್ಲದ ಮನೆ. ಸರ್ವಮಂಗಳ ಅವತ್ತು ನಮ್ಮ ಮನೆಗೆ ಮೂರು ಸಲ ಬಂದಳು, ಮೂರು ಸಲವೂ ಬಂದ ಕೆಲಸ ಏನೆಂದು ಹೇಳಲಾಗದೆ ಹೋದಳು. ಸಂಜೆ ಅಪ್ಪ ಬಂದು, ಬೇರೆ ಹುಡುಗಿಯ ಜಾತಕ ಕೂಡಿತು ಎಂದರಂತೆ.

"ನಂದು ಕೂಡಿ ಬರಲಿಲ್ಲ ಆಂಟಿ," ಎಂದಳು ನನ್ನ ಹತ್ತಿರ. ಗ್ರಹಗಳು ಕೂಡದಿದ್ದರೆ ಯಾರನ್ನು ದೂರುವುದು? ಅವಳು ಯಾರನ್ನೂ ದೂರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಸಿದ್ದಗಂಗಮ್ಮನವರೇ ಲಗ್ನಪತ್ರಿಕೆ ಕೊಡಲು ಬಂದರು. ನಾನೂ ಅಲ್ಲೇ ಇದ್ದೆ. ಸರ್ವಮಂಗಳ ಕಾಫಿ ತಂದುಕೊಟ್ಟಳು, ಟೈಪಿಂಗ್ ಕಲಿತ ಹುಡುಗಿ ಎಂದು ನಾನು ಹೊಗಳಿದೆ. ಆಕೆ ಲೋಟ ಹಿಡಿದುಕೊಂಡೇ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವಳು ನಿಮ್ಮ ಮಗಳೇ? ಇನ್ನೂ ಮದುವೆ ಮಾಡಿಲ್ವಾ? ನಕ್ಷತ್ರ ಯಾವ್ದು?"

"ಮೂಲ," ಎಂದಳು ಸರ್ವಮಂಗಳ.

ಸಿದ್ದಗಂಗಮ್ಮನವರು ಲೋಟ ಕೆಳಗಿಟ್ಟರು. "ಅಲ್ಲ ಶಂಭುಲಿಂಗಪ್ಪನವರೇ, ನಾವು ತಂದುಕೊಳ್ತಿರೋದೂ ಮೂಲದ ಹುಡುಗೀನೇ ಅಲ್ವೇ? ಅವತ್ತು ಮೂರು ಜಾತಕ ತೆಗೆದುಕೊಟ್ರಿ. ಇದನ್ನೂ ಅದರ ಜೊತೆ ಇಡೋದಕ್ಕೆ ಏನಾಗಿತ್ತು? ನನ್ನ ಮಗ ಟೈಪಿಂಗ್ ಬರೋ ಹುಡುಗೀನೇ ಬೇಕು ಅಂತಿದ್ದ."

ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಕ್ಕರೆಯಿಂದಲೇ ಹೇಳಿ, ನನ್ನ ಕೈಯಿಂದ ಅವಳ ಹಣೆಗೆ ಕುಂಕುಮ ಇಡಿಸಿ, ಮದುವೆಗೆ ತಪ್ಪದೆ ಬರಬೇಕೆಂದು ಎರಡೆರಡು ಸಲ ಹೇಳಿ ಹೊರಟರು.

ಆಕೆ ಹೋದ ಮೇಲೆ ಶಂಭುಲಿಂಗಪ್ಪನವರು ಬಾಯಿ ಬಿಟ್ಟರು.

"ಜಿಪ್ ಎಳೆದೆ ಕಣಮ್ಮ. ನಾಲ್ಕೂ ಕೈಗೆ ಬಂತು. ನಿಂದೇ ಮೇಲಿತ್ತು. ಆಯಮ್ಮ ನನ್ನನ್ನ ನಂಬಿ ಮಣೆ ಹಾಕಿ ಕೂರಿಸಿದ್ಲು. ಎದುರುಗಡೆ ಅವರ ನೆಂಟರು ಕೂತಿದ್ರು. ದಲ್ಲಾಳಿ ತನ್ನ ಮಗಳನ್ನೇ ತಂದ ಅಂದುಬಿಟ್ರೆ ಅಂತ... ನಿಂದನ್ನ ಒಳಗೇ ಬಿಟ್ಟೆ."

ಅವರು ನನ್ನ ಕಡೆ ನೋಡಲಿಲ್ಲ. ನೋಡಿ ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂಗಡಿಯಲ್ಲಿ ನಾನು ತಮಾಷೆಗೆ ಆಡಿದ ಮಾತನ್ನು ಆ ಮನುಷ್ಯ ಅಷ್ಟು ತಿಂಗಳು ಹೊತ್ತು ತಿರುಗಿದ್ದರು.

ಸರ್ವಮಂಗಳ ಅಳಲಿಲ್ಲ. ಮೊಳೆಯಿಂದ ಬ್ಯಾಗು ಇಳಿಸಿ ನೆಲದ ಮೇಲೆ ಕೂತಳು. ಹಿಂದಿನ ಜಿಪ್ಪು ಎಳೆದಳು. ಮೇಣ ಉಜ್ಜಿದ ಜಿಪ್ಪು, ಸದ್ದಿಲ್ಲದೆ ತೆರೆಯಿತು. ಉಳಿದಿದ್ದ ಮೂರು ಜಾತಕಗಳಲ್ಲಿ ತನ್ನದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಿಕ್ಕ ಎರಡನ್ನು ಬ್ಯಾಗಿನ ಮುಂದಿನ ಖಾನೆಗೆ, ಎಲ್ಲಕ್ಕಿಂತ ಮೇಲೆ ಇಟ್ಟಳು.

"ಇವರಿಬ್ಬರದು ಮುಂದೆ ಇರಲಿ," ಎಂದಳು. "ಇವರಿಗೆ ನೀವು ಅಪ್ಪ ಅಲ್ವಲ್ಲ. ಧೈರ್ಯವಾಗಿ ತೋರಿಸ್ತೀರ."

ಆ ಇಬ್ಬರಿಗೂ ವರ್ಷದೊಳಗೆ ಮದುವೆಯಾಯಿತು. ಶಂಭುಲಿಂಗಪ್ಪನವರು ಆಮೇಲೆ ಎಷ್ಟೋ ಸಲ ಮಗಳ ಜಾತಕ ಕೇಳಿದರು. ಅವಳು ಕೊಡಲಿಲ್ಲ. ಬ್ಯಾಗನ್ನು ಮಾತ್ರ ಅವಳು ಈಗಲೂ ದಿನಾ ಒರೆಸಿ ಅವರ ಹೆಗಲಿಗೆ ಹಾಕುತ್ತಾಳೆ. ಹಿಂದಿನ ಖಾನೆ ಖಾಲಿ ಇದೆ.