ದೊಡ್ಡವ್ವನಿಗೆ ಹೋಗದ ಸಂದೇಶ

ಮುದ್ದೇಬಿಹಾಳದ ತಪಾಸಣಾ ಕೇಂದ್ರವೊಂದಕ್ಕೆ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ವರದಿಯಲ್ಲಿ ಚಿಂತೆಯ ವಿಷಯವಿದ್ದರೆ ರೋಗಿಯ ಮೊಬೈಲಿಗೆ, ಕೂಡಲೇ ಡಾಕ್ಟರನ್ನು ಕಾಣಿ ಎಂಬ ಸಂದೇಶ ತಾನಾಗಿ ಹೋಗಬೇಕು, ಅಷ್ಟೇ ಅದರ ಕೆಲಸ. ನಾಲತವಾಡದಲ್ಲಿ ಕುಪ್ಪಸ ಹೊಲಿಯುತ್ತಿದ್ದ ನನ್ನ ದೊಡ್ಡವ್ವ ಎದೆಯಲ್ಲೊಂದು ಗಂಟಾಗಿದೆ ಎಂದಾಗ ಅಲ್ಲಿಗೇ ಕರೆದೊಯ್ದೆ. ವರದಿಗೆಂದು ಮತ್ತೆ ಬಸ್ಸು ಹತ್ತಬೇಡ, ಏನಾದರೂ ಇದ್ದರೆ ಮೊಬೈಲಿಗೇ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದ್ದೆ.

ಸಂದೇಶ ಬರಲಿಲ್ಲ. ಅವಳು ಹೊಲಿಗೆಗೆ ಕೂತಳು. ನಾನೂ ಮರೆತೆ.

ನಾಲ್ಕು ತಿಂಗಳಾದ ಮೇಲೆ ಅವಳ ಬಲಗೈ ಊದಿ ಕತ್ತರಿ ಹಿಡಿಯಲಾಗಲಿಲ್ಲ. ಎದೆಯ ಗಂಟು ನೆನಪಾಗಿ ಕೇಂದ್ರಕ್ಕೆ ಹೋಗಿ ಹಳೆಯ ವರದಿ ತೆಗೆಸಿದೆ. ಕ್ಯಾನ್ಸರ್ ಎಂದು ಆಗಲೇ ಬರೆದಿತ್ತು.

ಅಲ್ಲೇ ಕೂತು ನನ್ನ ಕೋಡ್ ತೆರೆದೆ. ಕೇಂದ್ರದ ಕಂಪ್ಯೂಟರ್ ವರದಿಯನ್ನು ಜೇಸನ್ ಎಂಬ ರೂಪದಲ್ಲಿ ಕಳಿಸುತ್ತದೆ, ಒಂದೊಂದು ಮಾಹಿತಿಗೂ ಒಂದೊಂದು ಹೆಸರು. ನನ್ನ ಪ್ರೋಗ್ರಾಂ ಆ ಹೆಸರನ್ನು ತನ್ನಲ್ಲಿರುವ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ಮಾಹಿತಿಯನ್ನು ತುಂಬಿಕೊಳ್ಳುತ್ತದೆ. ಅವರು ಸಾಫ್ಟ್‌ವೇರ್ ಬದಲಿಸಿದಾಗ ಫಲಿತಾಂಶದ ಹೆಸರಿನ ನಡುವೆ ಅಂಡರ್‌ಸ್ಕೋರ್ ಎಂಬ ಒಂದು ಅಡಿಗೆರೆ ಸೇರಿಕೊಂಡಿತ್ತು. ಹೆಸರು ತಾಳೆಯಾಗಲಿಲ್ಲ. ಪ್ರೋಗ್ರಾಂ ತಪ್ಪೆಂದು ಹೇಳದೆ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗಿತ್ತು. ಖಾಲಿ ಇದ್ದರೆ ಸಂದೇಶ ಬೇಡ ಎಂದು ಬರೆದವಳೂ ನಾನೇ. ಹೊಸ ಹೆಸರೆಂದರೆ ಹಳೆಯ ಹೆಸರೇ ಎಂದು ತಿಳಿಸುವ ಒಂದೇ ಸಾಲು ಸೇರಿಸಿದೆ. ಸರಿಹೋಯಿತು.

ಮರುದಿನ ಬೆಳಿಗ್ಗೆ ನಾಲತವಾಡಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ.

“ಸಂದೇಶ ಬರ್ಲಿಲ್ಲಲಾ, ಎಲ್ಲಾ ಛಲೋ ಐತಿ ಅಂತ ತಿಳ್ಕೊಂಡಿದ್ನಿ,” ಎಂದಳು ದೊಡ್ಡವ್ವ. ಆಮೇಲೆ ಕೇಳಿದಳು, “ನನ್ನಂಗ ಇನ್ನೂ ಎಷ್ಟ ಮಂದಿ ಅದಾರ?”

ನಾನು ಅದನ್ನು ನೋಡಿಯೇ ಇರಲಿಲ್ಲ.

“ಮೊದ್ಲ ಅವ್ರಿಗೆ ಫೋನ್ ಹಚ್ಚು. ಅಳೂದು ಆಮ್ಯಾಲ.”

ಅವಳ ಹೊಲಿಗೆ ಯಂತ್ರದ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಹುಡುಕಿದೆ. ಇನ್ನೂ ಆರು ಮಂದಿ ಇದ್ದರು. ಬಸವನ ಬಾಗೇವಾಡಿಯ ಒಬ್ಬರು ಬಾಯಿಗೆ ಬಂದಂತೆ ಬೈದರು, ಕೇಳಿಸಿಕೊಂಡೆ. ಸಿಂದಗಿಯ ಹೆಂಗಸೊಬ್ಬರು ಅಂದೇ ಆಸ್ಪತ್ರೆಗೆ ಹೊರಟರು. ಅವರೀಗ ಗುಣವಾಗಿದ್ದಾರೆ. ಆಗಾಗ ಫೋನ್ ಮಾಡಿ ನನ್ನಿಂದ ಜೀವ ಉಳಿಯಿತು ಎನ್ನುತ್ತಾರೆ. ತಡವಾದದ್ದೂ ನನ್ನಿಂದಲೇ ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ದೊಡ್ಡವ್ವ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಅಷ್ಟು ದಿನ ಅವಳ ಮಗ್ಗುಲಲ್ಲೇ ಇದ್ದೆ. ನನಗೊಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.